ಯಕೃತ್ತಿನ ನೀರುಗಂಟಿ

ಮನೆಯಲ್ಲಿ ಹೆರಿಗೆಯಾಗಿ, ತಾಯಿ ಮಗು ಇಬ್ಬರೂ ಕ್ಷೇಮವೆಂದು ತಿಳಿದ ಮೇಲೆ, ಹಿರಿಯರು ಮರೆಯದೆ ಕೇಳುವ ಪ್ರಶ್ನೆಯೊಂದುಂಟು: “ಹೊಕ್ಕುಳು ಬಿತ್ತೆ?” ಕತ್ತರಿಸಿ ಕಟ್ಟಿದ ಹೊಕ್ಕುಳ ಬಳ್ಳಿಯ ತುಂಡು ದಿನದಿನಕ್ಕೆ ಒಣಗಿ, ಕಪ್ಪಾಗಿ, ಒಂದೆರಡು ವಾರದಲ್ಲಿ ತಾನಾಗಿಯೇ ಕಳಚಿ ಬೀಳುತ್ತದೆ. ಅದು ಬಿದ್ದ ದಿನ ಅಜ್ಜಿಗೆ ಒಂದು ಸಮಾಧಾನ. ಆದರೆ ಹೆಚ್ಚುಕಡಮೆ ಅದೇ ದಿನಗಳಲ್ಲಿ ಮಗುವಿನ ಹೊಟ್ಟೆಯೊಳಗೆ, ಬಲಪಕ್ಕೆಯ ಮರೆಯಲ್ಲಿ, ಇನ್ನೊಂದು ನಾಳವೂ ಮುಚ್ಚಿಕೊಳ್ಳುತ್ತಿರುತ್ತದೆ. ಅದು ಮುಚ್ಚಿತೆ ಎಂದು ಯಾರೂ ಕೇಳುವುದಿಲ್ಲ. ಮುಚ್ಚಿದ್ದು ಯಾರ ಕಣ್ಣಿಗೂ ಕಾಣುವುದಿಲ್ಲ. ಮುಚ್ಚದೆ ಹೋದರೆ ಮಾತ್ರ ಆ ಮಗುವಿನ ಬಾಳಿಗೇ ತೊಡಕು.

ಆ ನಾಳ ಏಕೆ ಬೇಕಾಗಿತ್ತು? ಏಕೆ ಮುಚ್ಚಬೇಕು? ಮುಚ್ಚು ಎಂದು ಅದಕ್ಕೆ ಅಪ್ಪಣೆ ಕೊಡುವವರು ಯಾರು? ಈ ಮೂರು ಮಾತುಗಳನ್ನು ಕುರಿತು ಇಂದು ತಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಮೊದಲಿನ ಎರಡಕ್ಕೆ ಉತ್ತರ ಹಳೆಯದು. ಮೂರನೆಯದಕ್ಕೆ ಉತ್ತರದ ಒಂದು ಭಾಗ ಸಿಕ್ಕಿದ್ದು ತೀರ ಈಚೆಗೆ. ಅದೂ ಯಾರೂ ಎದುರು ನೋಡದಿದ್ದ ಕಡೆಯಿಂದ, ಒಂದು ಘೋರವಾದ ವಿಷದ ಜಾಡು ಹಿಡಿದು ಹೊರಟವರಿಗೆ.

ಗರ್ಭದಲ್ಲಿರುವ ಶಿಶು ಬಾಯಿಂದ ಉಣ್ಣುವುದಿಲ್ಲ, ಗಾಳಿಯನ್ನು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಹಾರವನ್ನೂ ಆಮ್ಲಜನಕವನ್ನೂ ಮಾಸು ತಾಯಿಯ ರಕ್ತದಿಂದ ಪಡೆದು, ಹೊಕ್ಕುಳ ಬಳ್ಳಿಯೊಳಗಿನ ಒಂದು ಅಭಿಧಮನಿಯ ಮೂಲಕ ಶಿಶುವಿಗೆ ಕಳುಹಿಸಿಕೊಡುತ್ತದೆ. ಆ ರಕ್ತ ಹೊಕ್ಕುಳನ್ನು ದಾಟಿ ಯಕೃತ್ತಿನ ಕಡೆಗೆ ಸಾಗುತ್ತದೆ. ನಾವೆಲ್ಲ ದಿನಬಳಕೆಯಲ್ಲಿ ಲಿವರ್ ಎನ್ನುವುದೇ ಯಕೃತ್ತು. ಅಲ್ಲಿ ದಾರಿ ಕವಲೊಡೆಯುತ್ತದೆ. ಬಹುಪಾಲು ರಕ್ತ ಯಕೃತ್ತಿನ ಒಳಹೊಗುತ್ತದೆ. ಉಳಿದುದು, ಸುಮಾರಾಗಿ ಐದರಲ್ಲೊಂದರಿಂದ ಮೂರರಲ್ಲೊಂದು ಪಾಲು, ಯಕೃತ್ತಿನ ಒಳಗಿನ ಕಿರುದಾರಿಗಳಲ್ಲಿ ಸುತ್ತಾಡದೆ, ಒಂದು ಸಣ್ಣ ನಾಳವನ್ನು ಹಿಡಿದು ಹೃದಯದ ಕಡೆ ಹೋಗುವ ಮಹಾ ಅಭಿಧಮನಿಯನ್ನು ನೇರವಾಗಿ ಸೇರಿಬಿಡುತ್ತದೆ. ಆಮ್ಲಜನಕ ತುಂಬಿದ ರಕ್ತ ಬೇಗನೆ ಹೃದಯಕ್ಕೂ ಮಿದುಳಿಗೂ ಮುಟ್ಟಲೆಂದು ಪ್ರಕೃತಿ ಮಾಡಿದ ಏರ್ಪಾಡು ಇದು. 16ನೆಯ ಶತಮಾನದಲ್ಲಿ ಇಟಲಿಯ ಬೊಲೋನ್ಯ ನಗರದಲ್ಲಿದ್ದ ಅರಾಂತ್ಸಿಯೊ ಎಂಬ ಅಂಗರಚನಾಶಾಸ್ತ್ರಜ್ಞನ ಹೆಸರನ್ನು ಈ ನಾಳಕ್ಕೆ ಇಟ್ಟು ಕರೆಯುವುದೂ ಉಂಟು. ವೈದ್ಯರು ಇದನ್ನು ಡಕ್ಟಸ್ ವೀನೋಸಸ್ ಎನ್ನುತ್ತಾರೆ. ನಾವು ಸುಲಭವಾಗಿ ಅಡ್ಡನಾಳ ಎನ್ನೋಣ.

ಬಳ್ಳಿಯನ್ನು ಕತ್ತರಿಸಿದೊಡನೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಮಗು ಅಳುತ್ತದೆ, ಶ್ವಾಸಕೋಶ ಅರಳುತ್ತದೆ, ತಾಯಿಯ ಹಾಲು ಹೊಟ್ಟೆ ಸೇರುತ್ತದೆ. ಇನ್ನು ಮೇಲೆ ಅನ್ನಸಾರ ಬರುವುದು ಹೊಕ್ಕುಳಿನಿಂದಲ್ಲ, ಕರುಳಿನಿಂದ. ಕರುಳಿನಿಂದ ಹೊರಟ ರಕ್ತವನ್ನೆಲ್ಲ ಕೂಡಿಸಿಕೊಂಡು ಯಕೃತ್ತಿಗೆ ತಂದುಹಾಕುವ ದೊಡ್ಡ ನಾಳವೊಂದಿದೆ. ಅದಕ್ಕೆ ಪೋರ್ಟಲ್ ಅಭಿಧಮನಿ ಎಂದು ಹೆಸರು. ವಯಸ್ಕರ ಯಕೃತ್ತಿಗೆ ನಿಮಿಷವೊಂದಕ್ಕೆ ಹೆಚ್ಚುಕಡಮೆ ಒಂದೂವರೆ ಲೀಟರು ರಕ್ತ ಬರುತ್ತದೆ. ಅದರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಬರುವುದು ಈ ಪೋರ್ಟಲ್ ಅಭಿಧಮನಿಯಿಂದಲೇ. ಕರುಳು ಹೀರಿಕೊಂಡದ್ದರಲ್ಲಿ ಒಳ್ಳೆಯದೂ ಇರುತ್ತದೆ, ಕೆಟ್ಟದ್ದೂ ಇರುತ್ತದೆ. ಯಕೃತ್ತು ಸಕ್ಕರೆಯನ್ನು ಕೂಡಿಡುತ್ತದೆ. ಕರುಳಿನ ಸೂಕ್ಷ್ಮಜೀವಿಗಳು ಹುಟ್ಟಿಸಿದ ಅಮೋನಿಯವನ್ನು ಹಿಡಿದು, ಮೂತ್ರದಲ್ಲಿ ಹೊರಹೋಗಬಲ್ಲ ಯೂರಿಯವಾಗಿ ಮಾರ್ಪಡಿಸುತ್ತದೆ. ಈ ಕೆಲಸವೆಲ್ಲ ನಡೆಯಬೇಕಾದರೆ ಕರುಳಿನ ರಕ್ತ ಯಕೃತ್ತಿನ ಒಳಗಿನ ಅಸಂಖ್ಯ ಸೂಕ್ಷ್ಮ ಕಾಲುವೆಗಳಲ್ಲಿ ನಿಧಾನವಾಗಿ ಹಾದುಹೋಗಬೇಕು. ಅಡ್ಡನಾಳ ತೆರೆದೇ ಇದ್ದರೆ ಆ ರಕ್ತ ಸುಲಭದ ದಾರಿಯಲ್ಲಿ ಹರಿದುಹೋಗಿಬಿಡುತ್ತದೆ.

ಕೆರೆಯ ಕೆಳಗೆ ಗದ್ದೆ ಇದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ನೀರುಗಂಟಿ ಎಂಬವನಿರುತ್ತಿದ್ದ. ಯಾವ ತೂಬನ್ನು ಯಾವಾಗ ಎತ್ತಬೇಕು, ಯಾವ ಕಾಲುವೆಯನ್ನು ಯಾವಾಗ ಕಟ್ಟಬೇಕು ಎಂಬುದು ಅವನ ಜವಾಬ್ದಾರಿ. ನಾಟಿಯ ಹೊತ್ತಿಗೆ ಅವನು ಹಳ್ಳದ ಕಡೆಯ ಕಾಲುವೆಯನ್ನು ಕಟ್ಟದೆ ಮರೆತನೆನ್ನಿ. ಕೆರೆಯಲ್ಲಿ ನೀರಿದೆ, ತೂಬಿನಲ್ಲಿ ನೀರು ಬರುತ್ತಿದೆ, ಆದರೂ ಪೈರು ಸೊರಗುತ್ತದೆ. ನೀರೆಲ್ಲ ಹಳ್ಳದ ಪಾಲು. ತೂಬು ತೆರೆಯುವುದು ಎಷ್ಟು ಮುಖ್ಯವೋ ಕಾಲುವೆ ಕಟ್ಟುವುದೂ ಅಷ್ಟೇ ಮುಖ್ಯ.

ನಮ್ಮ ಶರೀರದಲ್ಲಿಯೂ ಹಾಗೆಯೇ. ತಿಂಗಳು ತುಂಬಿ ಹುಟ್ಟಿದ ಬಹುಪಾಲು ಮಕ್ಕಳಲ್ಲಿ ಈ ಅಡ್ಡನಾಳ ಮೊದಲ ಒಂದೆರಡು ವಾರಗಳಲ್ಲಿ ಮುಚ್ಚಿಕೊಂಡು, ಬರಬರುತ್ತ ಒಂದು ಬರಿಯ ನಾರಿನ ಎಳೆಯಾಗಿ ಉಳಿಯುತ್ತದೆ. ಅಪರೂಪವಾಗಿ ಕೆಲವು ಮಕ್ಕಳಲ್ಲಿ ಮುಚ್ಚುವುದಿಲ್ಲ. ಕರುಳಿನ ರಕ್ತ ಯಕೃತ್ತನ್ನು ತಪ್ಪಿಸಿ ಹೋಗುವ ಇಂಥ ಹುಟ್ಟು ದೋಷಗಳನ್ನು ವೈದ್ಯಲೋಕ ಬಹುಕಾಲದಿಂದ ಬಲ್ಲದು; 1793ರಷ್ಟು ಹಿಂದೆಯೇ ಲಂಡನ್ನಿನ ಶಸ್ತ್ರವೈದ್ಯ ಜಾನ್ ಅಬರ್ನೆಥಿ ಈ ಬಗೆಯ ಒಂದು ಶಿಶುವಿನ ವಿಚಾರವನ್ನು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದಾನೆ. ಇಂಥ ಮಕ್ಕಳಲ್ಲಿ ಅಮೋನಿಯ ರಕ್ತದಲ್ಲಿ ಏರಿ ಮಿದುಳಿಗೆ ಮಬ್ಬು ಕವಿಯಬಹುದು. ಯಕೃತ್ತು ಬೆಳೆಯಬೇಕಾದಷ್ಟು ಬೆಳೆಯದೆ ಸಣ್ಣದಾಗಿ ಉಳಿಯಬಹುದು. ಇಂದು ಇದನ್ನು ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಗುರುತಿಸಬಹುದು. ಶಸ್ತ್ರಕ್ರಿಯೆಯಿಂದಲೋ, ರಕ್ತನಾಳದ ಮೂಲಕವೇ ಸಣ್ಣ ಸಲಕರಣೆಯೊಂದನ್ನು ಕಳುಹಿಸಿಯೋ ನಾಳವನ್ನು ಮುಚ್ಚಬಹುದು.

ಇಷ್ಟು ಹೇಳಿದ ಮೇಲೆ ಮೂರನೆಯ ಪ್ರಶ್ನೆಗೆ ಬರೋಣ. ಶರೀರದೊಳಗಿನ ಆ ನೀರುಗಂಟಿ ಯಾರು? ಉತ್ತರ ಹುಡುಕಲು ಮಗುವಿನ ತೊಟ್ಟಿಲಿನಿಂದ ದೂರ ಹೋಗಬೇಕಾಗಿದೆ.

1976ನೆಯ ಇಸವಿ ಜುಲೈ 10ರಂದು ಇಟಲಿಯ ಮಿಲಾನ್ ನಗರದ ಉತ್ತರಕ್ಕಿರುವ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಅಪಘಾತವಾಯಿತು. ಅಲ್ಲಿಂದ ಎದ್ದ ವಿಷದ ಮೋಡ ಸೆವೆಸೊ ಎಂಬ ಪಟ್ಟಣದ ಮೇಲೆ ಇಳಿಯಿತು. ಆ ಮೋಡದಲ್ಲಿ ಡಯಾಕ್ಸಿನ್ ಎಂಬ ವಸ್ತುವಿತ್ತು. ಮಕ್ಕಳ ಮುಖದಲ್ಲಿ, ಮೈಮೇಲೆ ಗುಳ್ಳೆಗಳೆದ್ದವು. ಕೋಳಿ, ಮೊಲ ಮುಂತಾದ ಸಾಕುಪ್ರಾಣಿಗಳು ಸಾವಿರಗಟ್ಟಲೆ ಸತ್ತವು. 1962ರಿಂದ 1971ರವರೆಗೆ ವಿಯೆಟ್ನಾಮಿನ ಕಾಡುಗಳ ಮೇಲೆ ಅಮೆರಿಕದ ಸೈನ್ಯ ಸುರಿದ ಎಲೆ ಉದುರಿಸುವ ಮದ್ದುಗಳಲ್ಲಿಯೂ ಇದೇ ಡಯಾಕ್ಸಿನ್ ಬೆರೆತಿತ್ತು. ಮನುಷ್ಯನ ಕೊಬ್ಬಿನಲ್ಲಿ ಸೇರಿಕೊಂಡ ಡಯಾಕ್ಸಿನ್ ಅರ್ಧಕ್ಕಿಳಿಯಲು ಏಳು ವರ್ಷಗಳಾದರೂ ಬೇಕು.

ಇಷ್ಟು ಅಲ್ಪ ಪ್ರಮಾಣದ ವಸ್ತು ಇಷ್ಟೊಂದು ಅನಾಹುತ ಮಾಡುವುದು ಹೇಗೆ? ಅಮೆರಿಕದ ಆಲನ್ ಪೋಲೆಂಡ್ ಎಂಬ ವಿಜ್ಞಾನಿಯನ್ನು ಕಾಡಿದ ಪ್ರಶ್ನೆ ಇದು. ಪ್ರಯೋಗಶಾಲೆಯ ಪುಟ್ಟ ಇಲಿಗಳಲ್ಲಿ ಒಂದು ತಳಿಯವು ಈ ವಸ್ತುವಿಗೆ ಬೇಗ ಪ್ರತಿಕ್ರಿಯೆ ತೋರಿದರೆ, ಇನ್ನೊಂದು ತಳಿಯವಕ್ಕೆ ಹೆಚ್ಚು ಪ್ರಮಾಣ ಬೇಕಾಗುತ್ತಿತ್ತು. ಈ ವ್ಯತ್ಯಾಸ ತಂದೆತಾಯಿಯಿಂದ ಮರಿಗೆ ಬರುವಂಥದು. ಅಂದರೆ ಇದರ ಹಿಂದೆ ಒಂದು ವಂಶವಾಹಿ, ಜೀನು, ಇರಬೇಕು. 1976ರಲ್ಲಿಯೇ ಪೋಲೆಂಡ್ ಮತ್ತು ಸಂಗಡಿಗರು ಇಲಿಯ ಯಕೃತ್ತಿನಲ್ಲಿ ಡಯಾಕ್ಸಿನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುವ ಒಂದು ಪ್ರೋಟೀನು ಇದೆಯೆಂದು ತೋರಿಸಿದರು. ಇದಕ್ಕೆ ಎ.ಎಚ್. ಗ್ರಾಹಕ ಎಂದು ಹೆಸರಾಯಿತು.

ಗ್ರಾಹಕನೆಂದರೆ ಅಂಗಡಿಗೆ ಬರುವ ಗಿರಾಕಿಯಲ್ಲ. ಬಂದ ವಸ್ತುವನ್ನು ಗ್ರಹಿಸುವುದು, ಹಿಡಿದುಕೊಳ್ಳುವುದು ಗ್ರಾಹಕ. ಬೀಗಕ್ಕೆ ಕೀಲಿಕೈ ಹೊಂದುವಂತೆ ಅದಕ್ಕೆ ಕೆಲವು ವಸ್ತುಗಳು ಮಾತ್ರ ಹೊಂದುತ್ತವೆ. ಸಾಮಾನ್ಯವಾಗಿ ಈ ಗ್ರಾಹಕ ಜೀವಕೋಶದ ಹೊರ ಅಂಗಳದಲ್ಲಿ, ಬೇರೆ ಪ್ರೋಟೀನುಗಳ ಆಸರೆಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಕೀಲಿಕೈ ಬಂದು ಕೂತೊಡನೆ ಎದ್ದು ಕೋಶಕೇಂದ್ರದೊಳಕ್ಕೆ ಹೋಗುತ್ತದೆ. ಅಲ್ಲಿ ಆರ್ಂಟ್ ಎಂಬ ಜೊತೆಗಾರನನ್ನು ಕೂಡಿಕೊಂಡು ಡಿ.ಎನ್.ಎ. ಮೇಲೆ ಗೊತ್ತಾದ ಜಾಗಗಳಲ್ಲಿ ಕುಳಿತು, ಕೆಲವು ಜೀನುಗಳನ್ನು ಎಚ್ಚರಿಸುತ್ತದೆ. ಹೊಗೆಯಲ್ಲಿರುವ ಮಸಿಯ ವಸ್ತುಗಳು ಬಂದಾಗ, ಅವನ್ನು ಒಡೆದು ಹೊರಹಾಕುವ ಕಿಣ್ವಗಳು ಹೀಗೆ ತಯಾರಾಗುತ್ತವೆ. ಆದುದರಿಂದ ಬಹುಕಾಲ ಇದನ್ನು ಪರವಸ್ತುಗಳನ್ನು ಕಾಯುವ ಪಹರೆಯವನೆಂದೇ ಎಲ್ಲರೂ ಭಾವಿಸಿದ್ದರು.

ಆದರೆ ಇಲ್ಲಿ ಒಂದು ಸಂದೇಹ ಏಳುತ್ತದೆ. ಡಯಾಕ್ಸಿನ್ ಕಾರ್ಖಾನೆಗಳ ಕಾಲದ ವಿಷ. ಗ್ರಾಹಕವಾದರೋ ಕಾರ್ಖಾನೆಗಳಿಗಿಂತ ಕೋಟ್ಯಂತರ ವರ್ಷ ಹಳೆಯದು. ಹಣ್ಣಿನ ಮೇಲೆ ಮುತ್ತುವ ಪುಟ್ಟ ನೊಣದಲ್ಲಿ ಇದರ ದಾಯಾದಿ ಜೀನೊಂದಿದೆ. ಆ ನೊಣದ ಗ್ರಾಹಕಕ್ಕೆ ಡಯಾಕ್ಸಿನ್ ಅಂಟುವುದೇ ಇಲ್ಲ. ಆದರೂ ಆ ಜೀನು ಕೆಟ್ಟರೆ ನೊಣದ ತಲೆಯ ಮೇಲಿನ ಮೀಸೆ ಇರಬೇಕಾದ ಕಡೆ ಕಾಲಿನ ತುದಿ ಬೆಳೆಯುತ್ತದೆ! ಎಂದರೆ ವಿಷಕ್ಕೆ ಸಂಬಂಧವಿಲ್ಲದ, ಅಂಗಗಳನ್ನು ರೂಪಿಸುವ ಯಾವುದೋ ಕೆಲಸ ಈ ವಂಶದ ಜೀನುಗಳಿಗೆ ಮೊದಲಿನಿಂದಲೂ ಇತ್ತು. ಹಾಗಾದರೆ ಇಲಿಯಲ್ಲಿ, ನಮ್ಮಲ್ಲಿ, ಆ ಕೆಲಸ ಯಾವುದು?

ಮನೆಯಲ್ಲಿ ಒಬ್ಬರು ಏನೇನು ಮಾಡುತ್ತಿದ್ದರೆಂಬುದು ಅವರು ಊರಿಗೆ ಹೋದಾಗ ತಿಳಿಯುತ್ತದೆ. ವಿಜ್ಞಾನಿಗಳೂ ಇದೇ ಉಪಾಯ ಮಾಡಿದರು. 1992ರಲ್ಲಿ ಈ ಗ್ರಾಹಕದ ಜೀನು ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಕೈಗೆ ಸಿಕ್ಕಿತು. 1995ರಿಂದ 1997ರೊಳಗೆ ಮೂರು ಪ್ರಯೋಗಶಾಲೆಗಳವರು ಆ ಜೀನನ್ನು ತೆಗೆದುಹಾಕಿದ ಇಲಿಗಳನ್ನು ಬೆಳೆಸಿದರು. ನಿರೀಕ್ಷೆಯಂತೆ ಇಂಥ ಇಲಿಗಳನ್ನು ಡಯಾಕ್ಸಿನ್ ಅಷ್ಟಾಗಿ ಬಾಧಿಸಲಿಲ್ಲ. ಕದವೇ ಇಲ್ಲದಾಗ ಕಳ್ಳ ತಟ್ಟುವುದೆಲ್ಲಿ? ಆದರೆ ವಿಷದ ಸೋಂಕೇ ಇಲ್ಲದೆ ಬೆಳೆದ ಇಲಿಗಳಲ್ಲಿಯೂ ಒಂದು ಕೊರತೆ ಕಂಡಿತು. ಅವುಗಳ ಯಕೃತ್ತು ಚಿಕ್ಕದಾಗಿತ್ತು.

ಏಕೆ ಚಿಕ್ಕದು? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಕ್ರಿಸ್ಟಫರ್ ಬ್ರಾಡ್‌ಫೀಲ್ಡ್ ಅವರ ತಂಡ ಇದನ್ನು ಬೆನ್ನಟ್ಟಿತು. ಮೊದಲು ಕಂಡುಬಂದದ್ದು ಯಕೃತ್ತಿನ ಒಂದೊಂದು ಕೋಶವೂ ಗಾತ್ರದಲ್ಲಿ ಕಿರಿದಾಗಿದೆ ಎಂಬುದು, ಹೊಟ್ಟೆಗಿಲ್ಲದೆ ಸೊರಗಿದಂತೆ. ಹಾಗಾದರೆ ರಕ್ತ ಸರಿಯಾಗಿ ಬರುತ್ತಿದೆಯೆ? ಇದನ್ನು ತಿಳಿಯಲು ಕರುಳಿನಿಂದ ಬರುವ ರಕ್ತಕ್ಕೆ ಅತಿ ಸಣ್ಣ ಮಣಿಗಳನ್ನು ಸೇರಿಸಿದರು. ರಕ್ತ ಯಕೃತ್ತಿನ ಸೂಕ್ಷ್ಮ ಕಾಲುವೆಗಳಲ್ಲಿ ಹಾದರೆ ಮಣಿಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ತಪ್ಪಿಸಿಕೊಂಡು ಹೋದರೆ ಮುಂದೆ ಶ್ವಾಸಕೋಶ ಸೇರುತ್ತವೆ. ಲೆಕ್ಕ ಹಾಕಿ ನೋಡಿದಾಗ ಕರುಳಿನ ರಕ್ತದಲ್ಲಿ ನೂರಕ್ಕೆ 56 ಪಾಲು ಯಕೃತ್ತಿನ ಕಾಲುವೆಗಳನ್ನು ಮುಟ್ಟದೆಯೇ ಹೋಗುತ್ತಿತ್ತು. ರಕ್ತನಾಳಗಳೊಳಗೆ ರಬ್ಬರಿನ ಹಾಲಿನಂಥ ದ್ರವವನ್ನು ತುಂಬಿ, ಅದು ಗಟ್ಟಿಯಾದ ಮೇಲೆ ಸುತ್ತಲಿನ ಮಾಂಸವನ್ನು ಕರಗಿಸಿದಾಗ ದಾರಿಯೆಲ್ಲ ಎರಕ ಹೊಯ್ದಂತೆ ಎದ್ದು ಕಂಡಿತು. ಬೆಳೆದ ಇಲಿಯಲ್ಲಿ ಇರಬಾರದಾಗಿದ್ದ ಅಡ್ಡನಾಳ ತೆರೆದೇ ಇತ್ತು! ಕಣ್ಣಿನೊಳಗೂ, ಹುಟ್ಟಿದ ಮೇಲೆ ಕರಗಿಹೋಗಬೇಕಾದ ಒಂದು ರಕ್ತನಾಳ ಹಾಗೆಯೇ ಉಳಿದಿತ್ತು. ಮೂತ್ರಪಿಂಡದ ನಾಳಗಳ ಹೆಣಿಗೆಯಲ್ಲಿಯೂ ವ್ಯತ್ಯಾಸವಿತ್ತು. 2000ನೆಯ ಇಸವಿಯಲ್ಲಿ ಈ ವಿಷಯ ಪ್ರಕಟವಾಯಿತು. ಯಕೃತ್ತು ಚಿಕ್ಕದಾದುದು ಯಕೃತ್ತಿನ ತಪ್ಪಿನಿಂದಲ್ಲ. ಕಾಲುವೆ ಕಟ್ಟುವವನಿಲ್ಲದೆ ಹೋದುದರಿಂದ ಪೈರು ಸೊರಗಿತ್ತು.

ಮುಂದಿನ ಪ್ರಯೋಗ ಇನ್ನೂ ಆಶ್ಚರ್ಯಕರವಾದುದು. ಗ್ರಾಹಕ ಪೂರ್ತಿ ಇಲ್ಲದ ಇಲಿಗಳ ಬದಲು, ಅದು ತೀರ ಕಡಮೆ ಇರುವ ಇಲಿಗಳನ್ನು ಇದೇ ತಂಡ ಬೆಳೆಸಿತು. ಅವುಗಳಲ್ಲಿಯೂ ಅಡ್ಡನಾಳ ತೆರೆದೇ ಉಳಿಯುತ್ತಿತ್ತು. ಇದ್ದ ಸ್ವಲ್ಪ ಗ್ರಾಹಕವನ್ನೇ ಬಲವಾಗಿ ಎಚ್ಚರಿಸಿದರೆ ಏನಾದೀತು? ಎಚ್ಚರಿಸಲು ಡಯಾಕ್ಸಿನ್ನಿಗಿಂತ ಬಲವಾದ ಕೀಲಿಕೈ ಬೇರೊಂದಿಲ್ಲ. ಬಸಿರಿನ ಕೊನೆಯ ದಿನಗಳಲ್ಲಿ ತಾಯಿ ಇಲಿಗೆ ಅದನ್ನು ಕೊಟ್ಟರು. ಹುಟ್ಟಿದ ಮರಿಗಳಲ್ಲಿ ಅಡ್ಡನಾಳ ಸರಿಯಾಗಿ ಮುಚ್ಚಿಕೊಂಡಿತು. 2004ರಲ್ಲಿ ಈ ಫಲಿತಾಂಶ ಹೊರಬಂದಿತು. ಸೆವೆಸೊ ಊರಿನ ಮಕ್ಕಳನ್ನು ಕಾಡಿದ ವಿಷವೇ ಇಲ್ಲಿ ಒಂದು ಹುಟ್ಟು ದೋಷವನ್ನು ತಿದ್ದಿತು.

ಈ ಮಾತನ್ನು ಕೇಳಿ ಯಾರೂ ತಪ್ಪು ತಿಳಿಯಬಾರದು. ವಿಷ ಒಳ್ಳೆಯದೆಂದು ಇದರ ಅರ್ಥವಲ್ಲ. ನೀರುಗಂಟಿ ಮಲಗಿದ್ದಾಗ ಕಳ್ಳನ ಗದ್ದಲಕ್ಕೆ ಎಚ್ಚರವಾಗಿ ಎದ್ದು ಕಾಲುವೆ ಕಟ್ಟಿದನೆಂದರೆ, ದಿನವೂ ಕಳ್ಳ ಬರಲಿ ಎನ್ನುತ್ತೇವೆಯೆ? ಈ ಪ್ರಯೋಗ ಕಲಿಸಿದ ಪಾಠ ಬೇರೆ. ನಾಳ ಮುಚ್ಚುವಂತೆ ಮಾಡುವುದು ಈ ಗ್ರಾಹಕದ ಎಚ್ಚರವೇ ಎಂಬುದು ಇದರಿಂದ ದೃಢವಾಯಿತು. ವಿಷವಿಲ್ಲದ ಸಹಜ ಜೀವನದಲ್ಲಿ ಅದನ್ನು ಎಚ್ಚರಿಸುವ ಕೀಲಿಕೈ ಯಾವುದೆಂಬುದು ಇನ್ನೂ ಚರ್ಚೆಯಲ್ಲಿರುವ ವಿಷಯ. ಎಲೆಕೋಸು, ಹೂಕೋಸುಗಳನ್ನು ತಿಂದಾಗ ಜಠರದ ಆಮ್ಲದಲ್ಲಿ ಹುಟ್ಟುವ ಕೆಲವು ವಸ್ತುಗಳೂ ಈ ಬೀಗಕ್ಕೆ ಹೊಂದುತ್ತವೆ. ನಮ್ಮ ಆಹಾರದಲ್ಲಿರುವ ಟ್ರಿಪ್ಟೊಫಾನ್ ಎಂಬ ಅಂಶದಿಂದ ಶರೀರದಲ್ಲಿಯೇ ಹುಟ್ಟುವ ವಸ್ತುಗಳೂ ಉಂಟು.

2005ರಲ್ಲಿ ಇನ್ನೊಂದು ಗಂಟು ಬಿಚ್ಚಿತು. ಒಂದೇ ಗ್ರಾಹಕ ಒಂದು ಕಡೆ ವಿಷದ ಬಾಧೆಗೆ ಕಾರಣ, ಇನ್ನೊಂದು ಕಡೆ ಬೆಳವಣಿಗೆಗೆ ಆಧಾರ. ಈ ಎರಡು ಕೆಲಸಗಳೂ ಒಂದೇ ಜಾಗದಲ್ಲಿ ನಡೆಯುತ್ತವೆಯೆ? ಯಕೃತ್ತಿನ ಕೋಶಗಳಲ್ಲಿ ಮಾತ್ರ ಗ್ರಾಹಕವನ್ನು ತೆಗೆದ ಇಲಿಗಳಲ್ಲಿ ಅಡ್ಡನಾಳ ಸರಿಯಾಗಿ ಮುಚ್ಚಿತು. ಆದರೆ ಯಕೃತ್ತಿಗೆ ಡಯಾಕ್ಸಿನ್ನಿನಿಂದ ಆಗುವ ಹಾನಿ ತಪ್ಪಿತು. ರಕ್ತನಾಳದ ಒಳಗೋಡೆಯ ಕೋಶಗಳಲ್ಲಿ, ಅವುಗಳ ಬಳಗದ ರಕ್ತಕೋಶಗಳಲ್ಲಿ, ಗ್ರಾಹಕವನ್ನು ತೆಗೆದಾಗ ನಾಳ ಮುಚ್ಚಲಿಲ್ಲ. ಅಂದರೆ ಯಕೃತ್ತಿನ ಬೆಳವಣಿಗೆಗೆ ಬೇಕಾದ ಅಪ್ಪಣೆ ಯಕೃತ್ತಿನ ಕೋಶದಿಂದ ಬರುವುದಲ್ಲ, ಅದಕ್ಕೆ ರಕ್ತ ತರುವ ನಾಳದ ಗೋಡೆಯಲ್ಲಿ ಹುಟ್ಟುವಂಥದು. ಪೈರನ್ನು ಬೆಳೆಸುವವನು ಗದ್ದೆಯಲ್ಲಿಲ್ಲ, ಕಾಲುವೆಯ ಏರಿಯ ಮೇಲಿದ್ದಾನೆ.

ಇದೆಲ್ಲ ಇಲಿಗಳ ಮಾತು. ಮಕ್ಕಳಲ್ಲಿ ಅಡ್ಡನಾಳ ಮುಚ್ಚದಿರುವುದಕ್ಕೆಲ್ಲ ಇದೇ ಜೀನು ಕಾರಣವೆಂದು ಹೇಳುವುದಕ್ಕೆ ಬರುವುದಿಲ್ಲ. ಆದರೆ ಇಲಿಗೂ ನಮಗೂ ಈ ಗ್ರಾಹಕವೂ ಉಂಟು, ಈ ನಾಳವೂ ಉಂಟು. ದಾರಿ ಯಾವ ದಿಕ್ಕಿನಲ್ಲಿದೆಯೆಂದು ತಿಳಿದರೆ ಹುಡುಕುವವನ ಅರ್ಧ ಶ್ರಮ ಕಳೆಯಿತು. ಗ್ರಾಹಕವನ್ನು ಹಿತವಾಗಿ ಎಚ್ಚರಿಸುವುದು ಮದ್ದಾಗಬಲ್ಲದೆಂಬುದಕ್ಕೆ ಬೇರೊಂದು ಕಡೆ ಸಾಕ್ಷ್ಯವೂ ಸಿಕ್ಕಿದೆ: ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ, ಇದೇ ಗ್ರಾಹಕವನ್ನು ಎಚ್ಚರಿಸುವ ಲೇಪವೊಂದಕ್ಕೆ ಅಮೆರಿಕದಲ್ಲಿ 2022ರಲ್ಲಿ ಮನ್ನಣೆ ದೊರೆಯಿತು.

ಮುಗಿಸುವ ಮುನ್ನ ಮನೆಗೆ ಸಂಬಂಧಿಸಿದ ಒಂದು ಮಾತು. ಬೀಡಿ ಸಿಗರೇಟಿನ ಹೊಗೆಯಲ್ಲಿ, ಸೌದೆ ಒಲೆಯ ಹೊಗೆಯಲ್ಲಿ, ಬಾಣಂತಿಯ ಕೋಣೆಯಲ್ಲಿಡುವ ಅಗ್ಗಿಷ್ಟಿಕೆಯ ಹೊಗೆಯಲ್ಲಿ ಈ ಬೀಗಕ್ಕೆ ಹೊಂದುವ ಬೆಂಜೊಪೈರಿನ್ ಎಂಬ ಮಸಿಯ ವಸ್ತುವುಂಟು. ಅದು ಬಂದಾಗ ಗ್ರಾಹಕ ಎಚ್ಚತ್ತು ಕಿಣ್ವಗಳನ್ನು ಕರೆಯುತ್ತದೆ. ಆ ಕಿಣ್ವಗಳು ಅದನ್ನು ಒಡೆಯಲು ಹೋಗಿ, ಕೆಲವೊಮ್ಮೆ ಮೊದಲಿಗಿಂತ ಹೆಚ್ಚು ಅಪಾಯದ, ಡಿ.ಎನ್.ಎ.ಗೇ ಅಂಟಿಕೊಳ್ಳುವ ವಸ್ತುವನ್ನಾಗಿ ಮಾಡಿಬಿಡುತ್ತವೆ. ಮಗುವಿನ ಒಳಗೆ ಅಷ್ಟು ನಾಜೂಕಾದ ಕೆಲಸ ನಡೆಯುತ್ತಿರುವಾಗ ಅಲ್ಲಿರುವ ನೀರುಗಂಟಿಯನ್ನು ಹೊರಗಿನ ಹೊಗೆ ಪದೇಪದೇ ತಟ್ಟಿ ಎಬ್ಬಿಸುವುದು ಬೇಡ. ಬಸುರಿ ಬಾಣಂತಿಯರಿರುವ ಕೋಣೆಯ ಕಿಟಕಿ ತೆರೆದಿರಲಿ. ಮನೆಯ ಗಂಡಸರು ಬೀಡಿ ಸಿಗರೇಟನ್ನು ಮನೆಯಾಚೆಗೂ ಬಿಡುವುದಾದರೆ ಇನ್ನೂ ಒಳ್ಳೆಯದು.

ಇನ್ನೊಮ್ಮೆ ಯಾರ ಮನೆಯಲ್ಲಾದರೂ ಹೊಕ್ಕುಳು ಬಿತ್ತೆಂಬ ಸುದ್ದಿ ಕೇಳಿದಾಗ, ಒಳಗಿನ ಆ ನಾಳವನ್ನೂ ನೆನೆಯಿರಿ. ಮಗು ಹಾಲು ಕುಡಿದು, ಕೈಕಾಲು ಆಡಿಸಿ, ದಿನದಿನಕ್ಕೆ ತೂಕ ಏರುತ್ತಿದ್ದರೆ, ಹೆಸರು ಗೊತ್ತಿಲ್ಲದ ನೀರುಗಂಟಿಯೊಬ್ಬ ತನ್ನ ಕಾಲುವೆಯನ್ನು ಹೊತ್ತಿಗೆ ಸರಿಯಾಗಿ ಕಟ್ಟಿ ಏರಿಯ ಮೇಲೆ ಕುಳಿತಿದ್ದಾನೆಂದು ತಿಳಿಯಬಹುದು.